ಸಂಚಕಾರ ಕೊಡುವ ಮುಂಚೆ

ನಮ್ಮ ಹಾವೇರಿ ಕಡೆ ಸಂಚಕಾರ, ಅಂದರೆ ಮುಂಗಡ, ಕೊಟ್ಟರೆ ವ್ಯಾಪಾರ ಮುಗಿದ ಲೆಕ್ಕ. ಹಾನಗಲ್ಲಿನಲ್ಲಿ ಗದ್ದೆ ಖರೀದಿಯಾಗಲಿ, ಸವಣೂರಿನಲ್ಲಿ ಎಲೆತೋಟ ಹಿಡಿಯುವುದಾಗಲಿ, ಹಿರೇಕೆರೂರಿನಲ್ಲಿ ಜೋಡೆತ್ತು ಕೊಳ್ಳುವುದಾಗಲಿ, ನಾಲ್ಕು ನೋಟು ಈ ಕೈಯಿಂದ ಆ ಕೈಗೆ ದಾಟಿದವೆಂದರೆ ಮಾತು ಗಟ್ಟಿಯಾಯಿತು. ಆಮೇಲೆ ಹಿಂದೆ ಸರಿದರೆ ರೊಕ್ಕ ಹೋಗುವುದಷ್ಟೇ ಅಲ್ಲ, ಮಾತಿಗೆ ತಪ್ಪಿದವನೆಂಬ ಹೆಸರೂ ಬರುತ್ತದೆ. ಈ ಮರ್ಯಾದೆಯ ಬಗ್ಗೆ ನನಗೆ ಅಭಿಮಾನವಿದೆ. ಆದರೆ ಹಳೇ ಕಾರು ಮಾರುವವರಲ್ಲಿ ಕೆಲವರು ಇದೇ ಮರ್ಯಾದೆಯನ್ನು ಹಿಡಿದು ನಮ್ಮನ್ನು ಕಟ್ಟಿಹಾಕುತ್ತಾರೆ. ‘ಸಂಜಿಗೆ ಇನ್ನೊಂದು ಪಾರ್ಟಿ ಬರೋದೈತ್ರಿ. ನಿಮ್ಮ ಮ್ಯಾಲಿನ ವಿಶ್ವಾಸಕ್ಕ ಹೇಳಾಕತ್ತೇನಿ, ಹತ್ತು ಸಾವಿರ ಇಟ್ಟು ಹೋಗ್ರಿ’ ಅಂದರೆ ಸಾಕು, ಕೈ ತಾನಾಗಿ ಕಿಸೆಗೆ ಹೋಗುತ್ತದೆ. ಕೇಳಬೇಕಾದ ಮಾತೆಲ್ಲ ನೆನಪಾಗುವುದು ಬಸ್ಸಿನಲ್ಲಿ ಕೂತು ಊರಿಗೆ ಮರಳುವಾಗ.

ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ರೊಕ್ಕ ಕೈಗೆ ಬಂದು ಲಗ್ನದ ಹಂಗಾಮು ಶುರುವಾಯಿತೆಂದರೆ ನಮ್ಮ ತಾಲ್ಲೂಕುಗಳಲ್ಲಿ ಗಾಡಿಯ ಮಾತೂ ಶುರು. ಕೊಳ್ಳುವವರು ಶೋಕಿಗೆ ಕೊಳ್ಳುವವರಲ್ಲ. ಮನೆಯಲ್ಲಿ ಮೊಣಕಾಲು ನೋವಿನ ಅವ್ವ, ತಿಂಗಳಿಗೊಮ್ಮೆ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಾಟ, ತವರಿಗೆ ಬರುವ ಮಗಳು, ಮೊಮ್ಮಕ್ಕಳು. ಹೊಸ ಕಾರಿನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹೀಗಾಗಿ ಮೂರು ಲಕ್ಷದ್ದೋ ನಾಲ್ಕು ಲಕ್ಷದ್ದೋ ಹಳೆಯದನ್ನು ಹುಡುಕುತ್ತಾರೆ. ಶಿಗ್ಗಾವಿಯವರಿಗೆ ಹೆದ್ದಾರಿ ಬಾಗಿಲಲ್ಲೇ ಇದೆ, ಹುಬ್ಬಳ್ಳಿಗೆ ಹೋಗುತ್ತಾರೆ. ಹಿರೇಕೆರೂರಿನವರು ರಾಣೆಬೆನ್ನೂರು, ದಾವಣಗೆರೆ, ಶಿವಮೊಗ್ಗದ ಕಡೆ ಕಣ್ಣು ಹಾಯಿಸುತ್ತಾರೆ. ಆ ನಾಲ್ಕು ಲಕ್ಷದಲ್ಲಿ ಒಂದು ಮನೆಯ ಎಷ್ಟೋ ವರ್ಷದ ಉಳಿತಾಯ ಇರುತ್ತದೆ. ಅದಕ್ಕೇ ಇಷ್ಟುದ್ದ ಮಾತಾಡಬೇಕೆನ್ನಿಸಿದೆ.

ಕಾರಿನ ಹತ್ತಿರ ಹೋಗುವ ಮೊದಲೇ ನಂಬರ್ ಪ್ಲೇಟ್ ಓದುವುದು ನಮ್ಮವರ ಅಭ್ಯಾಸ. ಕೆಎ 27 ಎಂದರೆ ಹಾವೇರಿ, ನಮ್ಮದೇ. 68 ರಾಣೆಬೆನ್ನೂರು, 25 ಧಾರವಾಡ, 63 ಹುಬ್ಬಳ್ಳಿ, 17 ದಾವಣಗೆರೆ, 14 ಶಿವಮೊಗ್ಗ. 31 ಅಂದರೆ ಶಿರಸಿಯದು, ಘಟ್ಟ ಹತ್ತಿ ಇಳಿದ ಗಾಡಿ, ಬ್ರೇಕು ಕ್ಲಚ್ಚು ನೋಡಿಕೊಳ್ಳಬೇಕು. 30 ಕಾರವಾರ, 47 ಹೊನ್ನಾವರ; ಉಪ್ಪುಗಾಳಿ ಕುಡಿದ ಗಾಡಿ, ಬಗ್ಗಿ ತಳದ ತುಕ್ಕು ನೋಡಬೇಕು. ಕಟ್ಟೆಯ ಮೇಲೆ ಕೂತ ಹಿರಿಯರು ಇದನ್ನೆಲ್ಲ ಪಂಚಾಂಗ ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ, ಅದರಲ್ಲಿ ನಿಜವೂ ಇದೆ. ಆದರೆ ನಂಬರ್ ಪ್ಲೇಟು ಗಾಡಿ ಎಲ್ಲಿ ನೋಂದಣಿಯಾಯಿತೆಂದು ಹೇಳುತ್ತದೆ, ಎಲ್ಲಿ ಗುದ್ದಿತೆಂದು ಹೇಳುವುದಿಲ್ಲ.

ಈಗಿನ ಹುಡುಗರು ಮೊಬೈಲಿನಲ್ಲಿ ಎಂಪರಿವಾಹನ್ ಆ್ಯಪ್ ತೆಗೆದು ನಂಬರ್ ಒತ್ತುತ್ತಾರೆ. ಒಳ್ಳೆಯ ಕೆಲಸವೇ. ನೋಂದಣಿ ದಿನಾಂಕ, ಎಷ್ಟನೇ ಮಾಲೀಕ, ವಿಮೆ ಎಲ್ಲಿಯವರೆಗೆ, ಸಾಲ ತೀರಿದೆಯೇ ಇಲ್ಲವೇ, ಇಷ್ಟು ಗೊತ್ತಾಗುತ್ತದೆ. ‘ಆ್ಯಪಿನ್ಯಾಗ ಎಲ್ಲಾ ಕ್ಲಿಯರ್ ಐತಿ ಕಾಕಾ’ ಎಂದು ಅಣ್ಣನ ಮಗ ಹೇಳಿದರೆ ಕಾಕಾ ನಿರಾಳವಾಗುತ್ತಾನೆ. ಅಪಘಾತದ ಚರಿತ್ರೆಗೆ ಅಲ್ಲಿ ಜಾಗವೇ ಇಲ್ಲ ಎಂಬುದನ್ನು ಇಬ್ಬರೂ ಗಮನಿಸುವುದಿಲ್ಲ. ಆರ್‌ಸಿ ಪುಸ್ತಕಕ್ಕೆ ಮಾಲೀಕ ಗೊತ್ತು, ಬ್ಯಾಂಕು ಗೊತ್ತು. ಗಾಡಿ ಮರಕ್ಕೆ ಗುದ್ದಿದ್ದು, ಪಲ್ಟಿ ಹೊಡೆದದ್ದು ಗೊತ್ತಿಲ್ಲ.

ಅದು ಗೊತ್ತಿರುವುದು ವಿಮೆಯ ಕಾಗದಕ್ಕೆ. ನನ್ನ ಮಟ್ಟಿಗೆ ಸಂಚಕಾರಕ್ಕೆ ಮುಂಚೆ ಕೇಳಬೇಕಾದ ಮೊದಲ ಮಾತು ಇದೇ: ಹಿಂದಿನ ಎರಡು ಮೂರು ವರ್ಷದ ಪಾಲಿಸಿ ತೋರಿಸಿ. ಅದರಲ್ಲಿ ನೋ ಕ್ಲೈಮ್ ಬೋನಸ್ ಎಂಬ ಒಂದು ಸಾಲು ಇರುತ್ತದೆ. ವಿಮೆಯವರಿಂದ ದುರಸ್ತಿಯ ಹಣ ಕೇಳದೆ ಒಂದು ವರ್ಷ ಕಳೆದರೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 20 ರಿಯಾಯಿತಿ, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದು ವರ್ಷಕ್ಕೆ 50. ಒಮ್ಮೆ ಕ್ಲೈಮ್ ಮಾಡಿದರೆ ಈ ಏಣಿ ಮುರಿದು ಸೊನ್ನೆಗೆ ಬಂದು ನಿಲ್ಲುತ್ತದೆ. ಆರು ವರ್ಷದ ಗಾಡಿ, ಒಬ್ಬನೇ ಮಾಲೀಕ, ‘ಒಂದು ಗೀರೂ ಬಿದ್ದಿಲ್ರೀ’ ಎನ್ನುವ ಮಾತು, ಪಾಲಿಸಿಯಲ್ಲಿ ಮಾತ್ರ ಬೋನಸ್ ಶೇ. 20 ಎಂದಿದ್ದರೆ ತೀರಾ ಇತ್ತೀಚೆಗೆ ಏನೋ ಆಗಿದೆ ಎಂದೇ ಹಿಡಿಯಬೇಕು.

ಸೊನ್ನೆ ಕಂಡ ಕೂಡಲೇ ಮಾರುವವನನ್ನು ಕಳ್ಳನೆನ್ನಲೂ ಬಾರದು. ಈ ಬೋನಸ್ ಗಾಡಿಯದಲ್ಲ, ಮಾಲೀಕನದು. ಮೊದಲ ಮಾಲೀಕ ತನ್ನ ಬೋನಸ್ಸನ್ನು ಹೊಸ ಕಾರಿಗೆ ಒಯ್ದಿರಬಹುದು. ಎರಡನೆಯವನು ಸೊನ್ನೆಯಿಂದಲೇ ಶುರು ಮಾಡಿರುತ್ತಾನೆ. ಪಾಲಿಸಿ ಮುಗಿದು 90 ದಿನ ನವೀಕರಿಸದಿದ್ದರೂ ಬೋನಸ್ ಹೋಗುತ್ತದೆ. ಬರೀ ಥರ್ಡ್ ಪಾರ್ಟಿ ಕಟ್ಟಿದ ಗಾಡಿಗೆ ಬೋನಸ್ಸಿನ ಮಾತೇ ಇಲ್ಲ. ಹೀಗಾಗಿ ಸೊನ್ನೆ ಕಂಡರೆ ‘ಯಾಕ್ರೀ ಹಿಂಗಾತು?’ ಎಂದು ಕೇಳಿ ಸುಮ್ಮನಿರಬೇಕು. ನಿಜ ಹೇಳುವವನು ಕೂಡಲೇ ಹೇಳುತ್ತಾನೆ. ಇದರ ಜೊತೆ ಕಂಪನಿ ಶೋರೂಮಿನ ಸರ್ವಿಸ್ ದಾಖಲೆಯನ್ನೂ ಮಾಲೀಕನ ಕೈಯಿಂದಲೇ ತೆಗೆಸಿದರೆ ಯಾವ ತಾರೀಖಿಗೆ ಎಷ್ಟು ಕಿಲೋಮೀಟರ್ ಓಡಿತ್ತು, ಯಾವಾಗ ಬಾನೆಟ್ ಬದಲಾಯಿತು ಎನ್ನುವುದೂ ಸಿಗುತ್ತದೆ.

ಎಲ್ಲಕ್ಕಿಂತ ಹೆದರಬೇಕಾದದ್ದು ಟೋಟಲ್ ಲಾಸ್ ಗಾಡಿಗೆ. ದುರಸ್ತಿಯ ಖರ್ಚು ಗಾಡಿಯ ವಿಮಾ ಮೌಲ್ಯದ ಶೇ. 75 ದಾಟಿತೆಂದರೆ ವಿಮಾ ಕಂಪನಿಯವರು ಅದನ್ನು ಪೂರ್ತಿ ನಷ್ಟ ಎಂದು ಬರೆದು ಮಾಲೀಕನಿಗೆ ಹಣ ಕೊಡುತ್ತಾರೆ, ಉಳಿದ ಅವಶೇಷವನ್ನು ಹರಾಜಿಗೆ ಬಿಡುತ್ತಾರೆ. ಬಿಡಿಭಾಗಕ್ಕೆಂದು ಕೊಂಡವರು ಸರಿ. ಆದರೆ ನೋಂದಣಿ ರದ್ದಾಗದೆ ಉಳಿದ ಗಾಡಿಯನ್ನು ಎಳೆದು, ಬೆಸೆದು, ಬಣ್ಣ ಹೊಡೆದು ರಸ್ತೆಗೆ ತರುವವರೂ ಇದ್ದಾರೆ. ಹೆದ್ದಾರಿ ಪಕ್ಕದ ಪೊಲೀಸ್ ಠಾಣೆಗಳ ಆವರಣದಲ್ಲಿ ಮೂತಿ ನಜ್ಜುಗುಜ್ಜಾಗಿ ನಿಂತ ಕಾರುಗಳನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದು, ಇವುಗಳಲ್ಲಿ ಯಾವುದು ನಾಳೆ ಹೊಳೆಯುತ್ತ ಯಾರ ಮನೆ ಮುಂದೆ ನಿಲ್ಲುತ್ತದೋ ಎಂದು.

ವಿಮೆ ಕೇಳದೆ ಕೈಯಿಂದ ರೊಕ್ಕ ಕೊಟ್ಟು ರಿಪೇರಿ ಮಾಡಿಸಿದ್ದರೆ ಕಾಗದವೂ ಮಾತಾಡುವುದಿಲ್ಲ. ಆಗ ಗಾಡಿಯನ್ನೇ ಕೇಳಬೇಕು. ಅದಕ್ಕೆ ಟಿಂಕರಿಂಗ್ ಮಾಡುವ ಮೇಸ್ತ್ರಿಯನ್ನು ಕರೆದುಕೊಂಡು ಹೋಗುವುದು ಮೇಲು. ಇಂಜಿನ್ ಮೇಸ್ತ್ರಿ ಸದ್ದು ಕೇಳಿ ಮೆಚ್ಚುತ್ತಾನೆ, ಟಿಂಕರ್‌ನ ಕಣ್ಣು ಮೈಮೇಲೆ ಓಡುತ್ತದೆ. ಅಂಥವರೊಬ್ಬರು ಗಾಡಿ ನೋಡುವ ಬಗೆಯನ್ನು ಹತ್ತಿರ ನಿಂತು ಕಂಡಿದ್ದೇನೆ. ಬಣ್ಣ ಹೇಗೆ ಹೊಳೆಯುತ್ತಿದೆ ಎಂದು ಅವರು ನೋಡಲೇ ಇಲ್ಲ. ಬಾನೆಟ್ ಎತ್ತಿಸಿ, ಅದರ ಕೀಲಿನ ಬೋಲ್ಟುಗಳ ಮೇಲೆ ಬ್ಯಾಟರಿ ಬೆಳಕು ಬಿಟ್ಟರು. ಫ್ಯಾಕ್ಟರಿಯಲ್ಲಿ ಬಾಡಿ ಜೋಡಿಸಿದ ಮೇಲೆ ಬಣ್ಣ ಹೊಡೆಯುವುದರಿಂದ ಬೋಲ್ಟಿನ ತಲೆಯ ಮೇಲೂ ಅದೇ ಬಣ್ಣ ಅಖಂಡವಾಗಿ ಕೂತಿರುತ್ತದೆ. ಇಲ್ಲಿ ನಾಲ್ಕರಲ್ಲಿ ಎರಡರ ಮೂಲೆ ಕಿತ್ತು ಒಳಗಿನ ಲೋಹ ಕಾಣುತ್ತಿತ್ತು. ‘ಅಣ್ಣಾರ, ಬಣ್ಣ ಯಾರರ ಹಚ್ಚತಾರ. ಒಮ್ಮೆ ಪಾನಾ ಬಿದ್ದದ್ದು ಮುಚ್ಚಾಕ ಬರಂಗಿಲ್ಲ’ ಅಂದರು. ಆಮೇಲೆ ಫೆಂಡರಿನ ಬೋಲ್ಟು, ಬಾಗಿಲ ಕೀಲು, ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಕೂರುವ ಗುಂಡಿ. ಆ ಗುಂಡಿಯ ತಳ ಸುಕ್ಕುಗಟ್ಟಿದ್ದರೆ ಹಿಂದಿನಿಂದ ಯಾರೋ ಜೋರಾಗಿ ಗುದ್ದಿದ್ದಾರೆ ಎಂದೇ ಅರ್ಥ.

ಬಾಗಿಲ ರಬ್ಬರನ್ನು ಸ್ವಲ್ಪ ಎಳೆದರೆ ಪಿಲ್ಲರಿನ ಅಂಚಿನಲ್ಲಿ ಸ್ಪಾಟ್ ವೆಲ್ಡಿಂಗಿನ ಸಣ್ಣ ಕುಳಿಗಳು ಒಂದೇ ಅಂತರದಲ್ಲಿ ಸಾಲಾಗಿ ಕಾಣಬೇಕು. ಒಂದು ಬದಿ ಸಾಲಾಗಿದ್ದು ಇನ್ನೊಂದು ಬದಿ ಕುಳಿಯೇ ಇಲ್ಲದೆ ನುಣ್ಣಗಿದ್ದರೆ ಅಲ್ಲಿ ಪುಟ್ಟಿ ತುಂಬಿದೆ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಮೈಮೇಲೆ ಆಡಿಸಿದರೂ ಗೊತ್ತಾಗುತ್ತದೆ. ಪುಟ್ಟಿ ದಪ್ಪವಿದ್ದಲ್ಲಿ ಅದು ಹಿಡಿಯದೆ ಜಾರುತ್ತದೆ. ಗಾಜುಗಳ ಮೂಲೆಯಲ್ಲಿ ತಯಾರಕರ ಗುರುತು ಅಚ್ಚಾಗಿರುತ್ತದೆ. ಎಲ್ಲವೂ ಒಂದೇ ಆಗಿದ್ದು ಒಂದು ಮಾತ್ರ ಬೇರೆಯಾಗಿದ್ದರೆ ಅದರ ಕಥೆ ಕೇಳಬೇಕು. ಕಲ್ಲು ಸಿಡಿದು ಗಾಜು ಒಡೆಯುವುದೂ ಉಂಟು, ಎಲ್ಲಕ್ಕೂ ಅನುಮಾನ ಪಡಬೇಕಾಗಿಲ್ಲ.

ಆದರೆ ಏರ್‌ಬ್ಯಾಗ್ ದೀಪದ ವಿಷಯದಲ್ಲಿ ರಾಜಿ ಬೇಡ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಕೀಲಿ ತಿರುಗಿಸಿದ ಕೂಡಲೇ ಆ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ. ಹೊತ್ತಲೇ ಇಲ್ಲವಾದರೆ ಇನ್ನೂ ದೊಡ್ಡ ದೋಷ. ಏರ್‌ಬ್ಯಾಗ್ ಒಮ್ಮೆ ಸಿಡಿದ ಮೇಲೆ ಹೊಸದಕ್ಕೆ ಖರ್ಚು ಮಾಡದೆ ದೀಪದ ಬಾಯಿ ಮುಚ್ಚಿಸಿರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಜೋರು ಅಪಘಾತದಲ್ಲಿ ಬಿಗಿದುಕೊಂಡ ಬೆಲ್ಟು ಎಷ್ಟೋ ಸಲ ಮತ್ತೆ ಸಡಿಲವಾಗಿ ಓಡುವುದಿಲ್ಲ. ಮುಂದಿನ ಸೀಟಿನಲ್ಲಿ ನಾಳೆ ಕೂರುವವರು ನಮ್ಮ ಮನೆಯವರು.

ನೀರಿನ ಗಾಡಿಯ ಬಗ್ಗೆಯೂ ಒಂದು ಮಾತು. 2019ರ ಆಗಸ್ಟಿನಲ್ಲಿ ವರದಾ, ಧರ್ಮಾ ಹೊಳೆಗಳು ಉಕ್ಕಿದ್ದನ್ನು ನಮ್ಮವರು ಮರೆತಿಲ್ಲ. ಅದೇ ದಿನಗಳಲ್ಲಿ ನಮ್ಮ ಶಿಗ್ಗಾವಿಯ ಹೆದ್ದಾರಿಯಲ್ಲೇ ಮುಂದೆ ಕೊಲ್ಹಾಪುರ, ಸಾಂಗಲಿ ಕಡೆಯೂ ಊರಿಗೆ ಊರೇ ಮುಳುಗಿದ್ದವು. ನೀರಲ್ಲಿ ನಿಂತ ಕಾರಿನ ಮೈಯಲ್ಲಿ ಪೆಟ್ಟಿನ ಗುರುತು ಇರುವುದಿಲ್ಲ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಬೆಲ್ಟಿನ ತುದಿಯಲ್ಲಿ ಮಣ್ಣಿನ ಗೆರೆ, ಚಾಪೆ ಎತ್ತಿದರೆ ಮುಗ್ಗಲು ವಾಸನೆ. ಇವು ಕಂಡರೆ ಬಿಟ್ಟುಬಿಡಬೇಕು. ವೈರಿಂಗ್ ಯಾವ ದಿನ ಕೈಕೊಡುತ್ತದೋ ಹೇಳಲಾಗದು.

ಇಷ್ಟು ಹೇಳಿದ ಮಾತ್ರಕ್ಕೆ ಗುದ್ದಿದ ಗಾಡಿಯೆಲ್ಲ ಕೆಟ್ಟದ್ದು ಎನ್ನುತ್ತಿಲ್ಲ. ಸವಣೂರಿನ ಮೂರು ದೊಡ್ಡಹುಣಸೆ ಮರಗಳು ಯಾರಿಗೆ ಗೊತ್ತಿಲ್ಲ? ಆ ಮೂರರಲ್ಲಿ ಒಂದು 2023ರ ಜುಲೈಯಲ್ಲಿ ಬುಡಸಮೇತ ಉರುಳಿತು. ಜನ ಮರುಗಿದರು, ಆಮೇಲೆ ಅದನ್ನು ಎತ್ತಿ ಮತ್ತೆ ನೆಟ್ಟರು. ನೋಡಲು ಬಂದವರಿಗೆ ಅದು ಬಿದ್ದು ಎದ್ದ ಮರವೆಂದು ಯಾರೂ ಮುಚ್ಚಿಡುವುದಿಲ್ಲ. ಗಾಡಿಯೂ ಹಾಗೆ. ಬಂಪರ್ ಬದಲಾಗಿದ್ದರೆ, ಬಾಗಿಲಿಗೆ ಬಣ್ಣ ಹೊಡೆದಿದ್ದರೆ ಹಾಗೆಂದು ಹೇಳಿ ಬೆಲೆಯಲ್ಲಿ ಕಡಿಮೆ ಮಾಡಲಿ, ಸಂತೋಷದಿಂದ ಕೊಳ್ಳೋಣ. ಅಂಥ ಪ್ರಾಮಾಣಿಕರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಚಾಸಿ ಬಾಗಿದ್ದನ್ನು, ಪಿಲ್ಲರ್ ಕೊಯ್ದು ಬೆಸೆದಿದ್ದನ್ನು ಮುಚ್ಚಿಟ್ಟು ಮಾರುವುದನ್ನು ಮಾತ್ರ ನಾನು ವ್ಯಾಪಾರ ಎನ್ನಲಾರೆ. ಮುಂದಿನ ಪೆಟ್ಟಿಗೆ ಅಂಥ ಗಾಡಿ ಒಳಗಿನವರನ್ನು ಕಾಯುವುದಿಲ್ಲ.

ಇಷ್ಟೆಲ್ಲ ನೋಡಿ ಮನಸ್ಸು ಒಪ್ಪಿತೆಂದರೆ ಸಂಚಕಾರ ಕೊಡಿ, ಆದರೆ ಬರೀ ಬಾಯಿಮಾತಿನ ಮೇಲೆ ಬೇಡ. ಗಾಡಿಯ ನಂಬರ್, ಚಾಸಿ ನಂಬರ್, ಕೊಟ್ಟ ಮೊತ್ತ, ಉಳಿದದ್ದು ಯಾವಾಗ, ಇದರ ಜೊತೆ ‘ಈ ಗಾಡಿಗೆ ದೊಡ್ಡ ಅಪಘಾತವಾಗಿಲ್ಲ, ಆಗಿದೆಯೆಂದು ತಪಾಸಣೆಯಲ್ಲಿ ಕಂಡುಬಂದರೆ ಸಂಚಕಾರ ಪೂರ್ತಿ ಮರಳಿಸುತ್ತೇನೆ’ ಎಂಬ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ರೊಕ್ಕವನ್ನು ಫೋನ್‌ಪೇ ಮೂಲಕವೋ ಬ್ಯಾಂಕಿನ ಮೂಲಕವೋ ಕಳಿಸಿದರೆ ದಾಖಲೆ ಉಳಿಯುತ್ತದೆ. ಹಳೇ ಗಾಡಿ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನು ತೋರಿಸಲು ಕೇಳಿ. ವ್ಯಾಪಾರಿ ಮೋಸ ಮಾಡಿದರೆ ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ವ್ಯಾಪಾರಿಯಲ್ಲದವರಿಂದ ಕೊಂಡರೆ ಆ ದಾರಿ ಇಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು. ಆ ಒಂದು ಸಾಲಿನ ಬೆಲೆ ಆಗ ತಿಳಿಯುತ್ತದೆ.

ಮಾರುವವರಿಗೂ ಒಂದು ಮಾತು ಹೇಳಲೇಬೇಕು. ಗಾಡಿ ಕೊಟ್ಟು ಹೆಸರು ಬದಲಾಯಿಸದೆ ಬಿಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ಕೊಳ್ಳುವವರಿಗೆ ನನ್ನ ವಿನಂತಿ ಇಷ್ಟೇ. ಹಳೇ ಪಾಲಿಸಿ ಕೇಳಿ, ಟಿಂಕರ್ ಮೇಸ್ತ್ರಿಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯಿರಿ. ಪಾಲಿಸಿ ತೋರಿಸಲು ಹಿಂದೆಮುಂದೆ ನೋಡಿದರೆ, ಬಾನೆಟ್ ಎತ್ತಲು ಬೇಸರಿಸಿದರೆ, ‘ಮೊದಲ ಅಡ್ವಾನ್ಸ್ ಇಡ್ರಿ, ಆಮ್ಯಾಲೆ ನೋಡಿಕೊಳ್ರಿ’ ಅಂದರೆ, ನಮಸ್ಕಾರ ಹೇಳಿ ಹೊರಡಿ. ಹುಬ್ಬಳ್ಳಿಯಿಂದ ನಮ್ಮ ಊರುಗಳಿಗೆ ಬಸ್ಸುಗಳು ಇದ್ದೇ ಇವೆ.