ಸನಾದಿಯ ಲಾಸಾ ದಾಯಾದಿ

ಯುರೋಪಿನಲ್ಲಿ ಕೆಲವರಿಗೆ ಒಂದು ಹುಚ್ಚು: ನಾನೂರು ವರ್ಷದ ಹಿಂದಿನ ಸಂಗೀತವನ್ನು ಆಗಿನ ವಾದ್ಯದಲ್ಲೇ ನುಡಿಸಬೇಕು. ವಾದ್ಯಗಳೋ, ಮ್ಯೂಸಿಯಂ ಸೇರಿ ಮಲಗಿವೆ. ಅರ್ನಾಲ್ಡ್ ಡಾಲ್ಮೆಚ್ ಎಂಬ ಪುಣ್ಯಾತ್ಮ ಅಂಥವನ್ನು ತಾನೇ ತಯಾರಿಸಿ, ಹೆಂಡತಿ ಮಕ್ಕಳ ಕೈಗೂ ಕೊಟ್ಟು, 1925ರಲ್ಲಿ ಇಂಗ್ಲೆಂಡಿನ ಹ್ಯಾಸಲ್‌ಮಿಯರ್‌ನಲ್ಲಿ ಉತ್ಸವವನ್ನೇ ಶುರುಮಾಡಿದ. ಶಾಮ್ ಎಂಬ ಅವರ ಹಳೆಯ ಊದುವಾದ್ಯವೂ ಹೀಗೇ ಸತ್ತು ಬದುಕಿದ್ದು.

ನಮ್ಮ ಉತ್ತರ ಕನ್ನಡದ ಮುಂಡಗೋಡದವರಿಗೆ ಈ ಪಾಡಿಲ್ಲ. ಶಾಮ್‌ನ ಬಳಗ ಅಲ್ಲಿ ಎರಡು ಮನೆ ಮಾಡಿಕೊಂಡಿದೆ. ಒಂದು ನಮ್ಮ ಸನಾದಿ. 1977ರ ‘ಸನಾದಿ ಅಪ್ಪಣ್ಣ’ ಸಿನಿಮಾಕ್ಕೆ ಬಿಸ್ಮಿಲ್ಲಾ ಖಾನರೇ ಊದಿದ ಮೇಲೆ ಅದರ ಗುರುತು ಯಾರಿಗೂ ಹೇಳಬೇಕಿಲ್ಲ. ಇನ್ನೊಂದು ಲಾಮಾ ಕ್ಯಾಂಪಿನ ಗ್ಯಾಲಿಂಗ್. 1966ರಲ್ಲಿ ಟಿಬೆಟಿಯನ್ನರು ಬಂದು ಈ ಕ್ಯಾಂಪಿನಲ್ಲಿ ನೆಲೆಸಿದರು. ಲಾಸಾ ಬಳಿ 1409ರಲ್ಲಿ ಹುಟ್ಟಿದ ಗಾಂಡೆನ್, 1416ರ ಡ್ರೆಪುಂಗ್ ಮಠಗಳು ಮುಂದೆ ಇಲ್ಲಿಯ ಜೋಳ-ಭತ್ತದ ಹೊಲಗಳ ನಡುವೆ ಮತ್ತೆ ಎದ್ದವು.

ಗ್ಯಾಲಿಂಗ್ ಊದುವ ಲಾಮಾನ ಮುಖ ನೋಡಬೇಕು. ಪೀಪಿಯ ಬುಡದ ಲೋಹದ ಬಿಲ್ಲೆಗೆ ತುಟಿ ಒತ್ತಿ, ಕೆನ್ನೆಯಲ್ಲಿ ಗಾಳಿ ಕೂಡಿಟ್ಟು, ಊದುತ್ತಲೇ ಮೂಗಿನಿಂದ ಉಸಿರೆಳೆಯುತ್ತಾನೆ. ನಾದ ಕಡಿಯುವುದೇ ಇಲ್ಲ. ಸನಾದಿಯಲ್ಲಿ ಒಬ್ಬ ನುಡಿಸಿದರೆ ಪಕ್ಕದವ ಶ್ರುತಿ ಹಿಡಿದು ಕೂಡುತ್ತಾನೆ. ಇಲ್ಲಿ ಜೋಡಿಯಾಗಿ ಇಬ್ಬರೂ ಒಂದನ್ನೇ ಊದುತ್ತಾರೆ. ಜೊತೆಗೆ ದುಂಗ್‌ಚೆನ್ ಎಂಬ ಆಳೆತ್ತರ ಮೀರಿದ ಕಹಳೆ. ಕೆಲಸ ಮುಗಿದರೆ ಹಳೇ ರೇಡಿಯೋದ ಏರಿಯಲ್ಲಿನಂತೆ ಒಂದರೊಳಗೊಂದು ಸರಿದು ಗಿಡ್ಡವಾಗುತ್ತದೆ. ನನ್ನ ಕಿವಿಗೆ ಅದು ಸಂಗೀತವೆನಿಸಿಲ್ಲ, ನಿಜ ಹೇಳುತ್ತೇನೆ. ಎದೆಗೂಡು ಮಾತ್ರ ನಡುಗುತ್ತದೆ.

ಇದೇ ಜಿಲ್ಲೆಯ ಹಳಿಯಾಳದ ಸಿದ್ದಿಗಳ ಚರ್ಮವಾದ್ಯ ಡಮಾಮಿಯ ಕಥೆ ಬೇರೆ. ಗೋವಾದ ಪೋರ್ಚುಗೀಸರು ಆಫ್ರಿಕದಿಂದ ಇವರ ಹಿರಿಯರನ್ನು ಗುಲಾಮರಾಗಿ ತಂದಾಗ ಹಡಗಿನಲ್ಲಿ ವಾದ್ಯಕ್ಕೂ ಜಾಗ ಕೊಟ್ಟಿದ್ದರೆಂದು ನನಗನಿಸುವುದಿಲ್ಲ. ಇಲ್ಲಿಯ ಕಾಡಿನ ಮರ ತೋಡಿ, ಎರಡೂ ಬದಿ ಚರ್ಮ ಬಿಗಿದು, ನೆನಪಿನಿಂದಲೇ ಕಟ್ಟಿಕೊಂಡಿರಬೇಕು. ಡಾಲ್ಮೆಚ್‌ಗಾದರೂ ಎದುರಿಗೆ ಮಾದರಿಯಿತ್ತು. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಉಂಟು. ಡಮಾಮಿ ಯಾರ ಮನೆಗೂ ಸಲ್ಲುತ್ತದೆ.

ಈಗ ದಾಂಡೇಲಿ, ಜೋಯಿಡಾದ ರೆಸಾರ್ಟುಗಳಿಗೂ ಡಮಾಮಿ ಹೋಗುತ್ತದೆ. ಸಂಸ್ಕೃತಿ ಕೆಟ್ಟಿತೆಂದು ಗೊಣಗುವವರಿದ್ದಾರೆ. ನನಗೆ ಆ ಗೊಣಗಾಟ ಹಿಡಿಸುವುದಿಲ್ಲ. ಮದುವೆಯೋ ಪೂಜೆಯೋ ರೆಸಾರ್ಟೋ, ಕೆಲಸವಿದ್ದ ವಾದ್ಯಕ್ಕೆ ಗಾಜಿನ ಪೆಟ್ಟಿಗೆ ಬೇಕಿಲ್ಲ. ಬಾರಿಸಿದವರ ಕೈಗೆ ಸರಿಯಾದ ದುಡ್ಡು ಸೇರುತ್ತದೋ ಇಲ್ಲವೋ, ಅದನ್ನು ಕೇಳಿ.