ಭಾರವೇ ಮೂಳೆಗೆ ಬಲ



ಬಾಹ್ಯಾಕಾಶ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ತೇಲಾಡುವ ಮನುಷ್ಯರ ಚಿತ್ರವೇ ಅಲ್ಲವೇ? ಕೈಬಿಟ್ಟ ಚಮಚ ಕೆಳಗೆ ಬೀಳದು, ಗೋಡೆಗೆ ಕಟ್ಟಿದ ಚೀಲದೊಳಗೆ ನಿಂತೇ ನಿದ್ದೆ ಮಾಡಬಹುದು, ಕಾಲಿಗೆ ಕೆಲಸವೇ ಇಲ್ಲ. ಮಂಡಿನೋವಿನ ನನ್ನಂಥವಳಿಗೆ ಅದು ಸ್ವರ್ಗವೆಂದೇ ತೋರುತ್ತದೆ. ಆದರೆ ಆ ಸ್ವರ್ಗದಲ್ಲಿ ಕೆಲವು ತಿಂಗಳು ಇದ್ದು ಬಂದವರ ಮೂಳೆಗಳನ್ನು ಪರೀಕ್ಷಿಸಿದ ವೈದ್ಯರು ಬೇರೆಯೇ ಕಥೆ ಹೇಳುತ್ತಾರೆ. ನಾನು ವಿಜ್ಞಾನ ಓದಿದವಳಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ, ಮದುವೆಯಾಗಿ ಮುಂಬಯಿಗೆ ಬಂದು, ಮೂವತ್ತು ವರ್ಷದಿಂದ ಸಂಸಾರ ನಡೆಸುತ್ತಿರುವವಳು. ಮೂಳೆಯ ಪ್ರಶ್ನೆ ನಮ್ಮ ಮನೆಯೊಳಗೇ ಕಾಲಿಟ್ಟಾಗ ಓದುತ್ತಾ ಹೋದೆ. ಓದಿದ್ದು ನನಗಿಂತ ನಿಮಗೇ ಹೆಚ್ಚು ಉಪಯೋಗ ಎನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

1970ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದ ಆಂಡ್ರಿಯಾನ್ ನಿಕೊಲಾಯೆವ್ ಮತ್ತು ವಿಟಾಲಿ ಸೆವಸ್ತ್ಯಾನೊವ್ ಸೋಯುಜ್-9 ನೌಕೆಯಲ್ಲಿ ಸುಮಾರು 18 ದಿನ ಭೂಮಿಯನ್ನು ಸುತ್ತಿದರು. ಇಬ್ಬರೂ ಕಠಿಣ ತರಬೇತಿ ಪಡೆದ ಗಟ್ಟಿಮುಟ್ಟಾದ ಆಳುಗಳು. ಆದರೂ ಭೂಮಿಗೆ ಇಳಿದಾಗ ತಮ್ಮ ಕಾಲ ಮೇಲೆ ತಾವು ನಿಲ್ಲಲಾರದೆ ಇತರರ ಆಸರೆ ಬೇಕಾಯಿತು. ಹದಿನೆಂಟು ದಿನದ ವಿಶ್ರಾಂತಿಗೇ ಶರೀರ ಹೀಗಾದರೆ ತಿಂಗಳುಗಟ್ಟಲೆ ಇದ್ದವರ ಗತಿಯೇನು ಎಂಬ ಚಿಂತೆ ವಿಜ್ಞಾನಿಗಳನ್ನು ಹಿಡಿಯಿತು.

ಇದಕ್ಕೆ ಕಾರಣವೇನು? ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲ ಎನ್ನುವುದು ಸರಿಯಲ್ಲ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಭೂಮಿಯ ಸೆಳೆತ ಶೇಕಡ 90ರಷ್ಟು ಇದ್ದೇ ಇದೆ. ಆದರೆ ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ನೆಲದ ಒತ್ತು ಪಾದಕ್ಕೆ ತಾಗುವುದೇ ಇಲ್ಲ. ಕಾಲು, ಸೊಂಟ, ಬೆನ್ನುಮೂಳೆ ಯಾವ ಭಾರವನ್ನೂ ಹೊರಬೇಕಿಲ್ಲ.

ಮೂಳೆ ಎಂದರೆ ಕಲ್ಲಿನ ಕಂಬವಲ್ಲ, ಅದು ಜೀವಂತ ವಸ್ತು. ನಮ್ಮ ಹೌಸಿಂಗ್ ಸೊಸೈಟಿಯ ರಿಪೇರಿ ಕೆಲಸವನ್ನು ನೀವು ನೋಡಿರುತ್ತೀರಿ. ಒಂದು ತಂಡ ಹಳೆಯ ಗಾರೆಯನ್ನು ಒಡೆದು ಹಾಕುತ್ತದೆ, ಇನ್ನೊಂದು ತಂಡ ಹೊಸದನ್ನು ಮೆತ್ತುತ್ತದೆ. ಮೂಳೆಯೊಳಗೂ ಹಾಗೆಯೇ ಎರಡು ಬಗೆಯ ಜೀವಕೋಶಗಳು ಹಗಲಿರುಳು ದುಡಿಯುತ್ತವೆ. ಭಾರ ಬಿದ್ದಾಗ ಕಟ್ಟುವ ತಂಡ ಚುರುಕಾಗುತ್ತದೆ. ಭಾರ ತಪ್ಪಿದರೆ ಒಡೆಯುವ ತಂಡದ ಕೈ ಮೇಲಾಗುತ್ತದೆ. ಕರಗಿದ ಕ್ಯಾಲ್ಸಿಯಂ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಬೀಳುತ್ತದೆ, ಮೂತ್ರಪಿಂಡದಲ್ಲಿ ಕಲ್ಲಾಗುವ ಭಯವೂ ಇರುತ್ತದೆ. ತಕ್ಕ ವ್ಯಾಯಾಮವಿಲ್ಲದಿದ್ದರೆ ಗಗನಯಾತ್ರಿಯ ಸೊಂಟದ ಮೂಳೆ ತಿಂಗಳಿಗೆ ಶೇಕಡ 1ರಿಂದ 1.5ರಷ್ಟು ಸವೆಯುತ್ತದೆ. ಋತುಬಂಧದ ನಂತರ ನಮ್ಮಂಥ ಹೆಂಗಸರು ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಕಳೆದುಕೊಳ್ಳುವುದನ್ನು ಅವರು ಒಂದೇ ತಿಂಗಳಲ್ಲಿ ಕಳೆದುಕೊಳ್ಳುತ್ತಾರೆ! ಮೀನಖಂಡ, ತೊಡೆ, ಬೆನ್ನಿನ ಸ್ನಾಯುಗಳೂ ಸೊರಗುತ್ತವೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಬಾಹ್ಯಾಕಾಶದಲ್ಲಲ್ಲ, ನಮ್ಮ ಮನೆಯ ಮಂಚದ ಮೇಲೆ. ಮೂರು ವರ್ಷದ ಹಿಂದೆ ನಮ್ಮ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಆಮೇಲೆ ಜ್ವರ, ನಿಶ್ಶಕ್ತಿ ಎಂದು ಆರು ವಾರ ಹಾಸಿಗೆ ಬಿಟ್ಟೇಳಲಾಗಲಿಲ್ಲ. ಸ್ನಾನ ಮಾಡಿಸುವಾಗ ಅವರ ತೊಡೆ ನೋಡಿ ನನಗೆ ಕರುಳು ಚುರ್ ಎಂದಿತು. ನನ್ನ ತೋಳಿಗಿಂತ ಸಣ್ಣಗಾಗಿತ್ತು. ವಿಜ್ಞಾನಿಗಳು ಮಾಡುವುದೂ ಇದನ್ನೇ. ಬಾಹ್ಯಾಕಾಶದ ಪರಿಣಾಮವನ್ನು ನೆಲದ ಮೇಲೆ ತಿಳಿಯಲು ಆರೋಗ್ಯವಂತರನ್ನು, ತಲೆ 6 ಡಿಗ್ರಿ ಕೆಳಗಿರುವಂತೆ, ವಾರಗಟ್ಟಲೆ ಮಂಚದ ಮೇಲೆ ಮಲಗಿಸಿ ಪರೀಕ್ಷಿಸುತ್ತಾರೆ. ಜರ್ಮನಿಯ ಕಲೋನ್‌ನಲ್ಲಿ 2019ರಲ್ಲಿ ಹೀಗೆ 60 ದಿನ ಮಲಗಿದವರಿದ್ದಾರೆ.

ಫಿಸಿಯೋಥೆರಪಿಗೆ ಬರುತ್ತಿದ್ದ ಹುಡುಗಿ ದಿನವೂ "ಆಜೀ, ಉಠಾ" ಎಂದು ಎಬ್ಬಿಸುವಳು. ಅತ್ತೆಯವರು ನೋವಿಗೆ ಅಳುವರು, ಅವಳನ್ನು ಬೈಯುವರು. ಅವಳು ನಗುತ್ತಲೇ ಮತ್ತೆ ನಿಲ್ಲಿಸುವಳು. ನಾಲ್ಕು ತಿಂಗಳ ಮೇಲೆ ವಾಕರ್ ಹಿಡಿದು ಬಾಲ್ಕನಿಯ ತುಳಸಿಯ ತನಕ ಅವರೇ ನಡೆದು ಹೋದ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದೆವು. ಅದಾದ ಮೇಲೆ ನನ್ನ ಮೂಳೆಯನ್ನೂ ಪರೀಕ್ಷೆ ಮಾಡಿಸಿಕೊಂಡೆ. ತೆಳುವಾಗತೊಡಗಿದೆ ಎಂದು ರಿಪೋರ್ಟ್ ಬಂತು. ಡಾಕ್ಟರು ಮಾತ್ರೆಯ ಜೊತೆಗೆ ಬರೆದುಕೊಟ್ಟದ್ದು ವಿಶ್ರಾಂತಿಯನ್ನಲ್ಲ, ವ್ಯಾಯಾಮವನ್ನು.

ಗಗನಯಾತ್ರಿಗಳಿಗೂ ಅದೇ ಔಷಧ. ದಿನಕ್ಕೆ ಸುಮಾರು ಎರಡು ಗಂಟೆ ಅವರು ವ್ಯಾಯಾಮಕ್ಕೇ ಮೀಸಲಿಡಬೇಕು. ಹೆಗಲಿಗೂ ಸೊಂಟಕ್ಕೂ ಪಟ್ಟಿ ಬಿಗಿದು, ಹಿಗ್ಗುವ ಹಗ್ಗಗಳಿಂದ ಕೆಳಕ್ಕೆ ಎಳೆಸಿಕೊಂಡು ಟ್ರೆಡ್‌ಮಿಲ್ ಮೇಲೆ ಓಡುತ್ತಾರೆ. 2007ರಲ್ಲಿ ಸುನೀತಾ ವಿಲಿಯಮ್ಸ್ ಅಲ್ಲಿಂದಲೇ ಬಾಸ್ಟನ್ ಮ್ಯಾರಥಾನ್ ಓಡಿದ್ದು ಹೀಗೆ. ಅಲ್ಲಿ ಕಬ್ಬಿಣದ ಡಂಬೆಲ್ಲಿಗೂ ತೂಕವಿಲ್ಲವಲ್ಲ! ಅದಕ್ಕಾಗಿ ನಿರ್ವಾತ ಸಿಲಿಂಡರುಗಳಿಂದ ಭಾರವನ್ನು ಸೃಷ್ಟಿಸುವ ಯಂತ್ರವೊಂದನ್ನು 2008ರ ಕೊನೆಯಲ್ಲಿ ನಿಲ್ದಾಣಕ್ಕೆ ಕಳಿಸಿದರು. ಅದು ಬಂದ ಮೇಲೆ, ಸರಿಯಾದ ಊಟ ಮತ್ತು ವಿಟಮಿನ್ ಡಿ ಜೊತೆಗೆ, ಮೂಳೆಯ ನಷ್ಟ ಬಹಳಷ್ಟು ತಗ್ಗಿದೆ.

ವ್ಯಾಯಾಮದ ಮಹಿಮೆಗೆ ವೈದ್ಯರೂ ಆಗಿದ್ದ ರಷ್ಯಾದ ವಲೇರಿ ಪಾಲಿಯಕೋವ್ ಸಾಕ್ಷಿ. ಮಿರ್ ನಿಲ್ದಾಣದಲ್ಲಿ ಒಂದೇ ಸಮನೆ 437 ದಿನ ಕಳೆದು 1995ರ ಮಾರ್ಚಿನಲ್ಲಿ ಇಳಿದ ಅವರು, ನೌಕೆಯಿಂದ ಹತ್ತಿರದ ಕುರ್ಚಿಯವರೆಗೆ ನಡೆದೇ ತೋರಿಸಿದರು. ಮಂಗಳಕ್ಕೆ ಹೋದವನು ಇಳಿದು ಕೆಲಸ ಮಾಡಬಲ್ಲ ಎಂಬುದನ್ನು ಸಿದ್ಧಪಡಿಸುವ ಹಂಬಲ ಅವರದು. ಹಾಗೆಂದು ಸಮಸ್ಯೆ ಮುಗಿದಿಲ್ಲ. ಸ್ನಾಯು ಬೇಗ ಚೇತರಿಸಿಕೊಂಡರೂ ಮೂಳೆ ನಿಧಾನ. 17 ಗಗನಯಾತ್ರಿಗಳನ್ನು ಗಮನಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಮರಳಿ ವರ್ಷವಾದರೂ ಅವರಲ್ಲಿ ಹಲವರ ಮೊಣಕಾಲ ಕೆಳಗಿನ ಮೂಳೆ ಮೊದಲಿನಂತಾಗಿರಲಿಲ್ಲ. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿ 18 ದಿನ ಇದ್ದಾಗ ನಡೆಸಿದ ಪ್ರಯೋಗಗಳಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ರೂಪಿಸಿದ್ದೊಂದು ಸ್ನಾಯುಕೋಶಗಳ ಬೆಳವಣಿಗೆಯನ್ನು ಕುರಿತದ್ದೇ ಆಗಿತ್ತು. ಅದರ ಫಲ ಮುಂದೊಂದು ದಿನ ಹಾಸಿಗೆ ಹಿಡಿದ ನಮ್ಮ ಹಿರಿಯರಿಗೂ ದಕ್ಕಬಹುದೆಂಬ ಆಸೆ ನನಗಿದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಮೂಳೆ ಗಟ್ಟಿಯಾಗುತ್ತಾ ಹೋಗುವುದು ಸುಮಾರು ಮೂವತ್ತರ ವಯಸ್ಸಿನವರೆಗೆ ಮಾತ್ರ. ಆಮೇಲೆ ಇರುವುದನ್ನು ಕಾಪಾಡಿಕೊಳ್ಳಬೇಕಷ್ಟೆ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಮೂಳೆಯ ಗಂಟಿಗೂ ಸರಿಯಾಗಿ ಒಪ್ಪುತ್ತದೆ. ನೀವು ಲಿಫ್ಟಿನಲ್ಲಿ ಇಳಿಯುತ್ತೀರಿ, ರಿಕ್ಷಾದಲ್ಲಿ ಸ್ಟೇಷನ್ ಸೇರುತ್ತೀರಿ, ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುತ್ತೀರಿ, ಹಸಿವಾದರೆ ಊಟ ಬಾಗಿಲಿಗೇ ಬರುತ್ತದೆ. ಬಾಹ್ಯಾಕಾಶಕ್ಕೆ ಹೋಗದೆಯೇ ಅಲ್ಲಿನ ಸುಖವನ್ನೆಲ್ಲ ಅನುಭವಿಸುತ್ತಿದ್ದೀರಿ!

ಆದ್ದರಿಂದ ಮೆಟ್ಟಿಲು ಹತ್ತಿ. ಓಡಿ, ಹಗ್ಗದಾಟ ಆಡಿ, ತೂಕ ಎತ್ತಿ. ಈಜು, ಸೈಕಲ್ ಎದೆಗೆ ಒಳ್ಳೆಯದು. ಆದರೆ ಮೂಳೆಗೆ ಬೇಕಾದ ಭಾರ ಅವುಗಳಿಂದ ಅಷ್ಟಾಗಿ ಬೀಳುವುದಿಲ್ಲ. ರಾಗಿ, ಹಾಲು, ಎಳ್ಳು, ಸೊಪ್ಪು ತಿನ್ನಿ, ಸ್ವಲ್ಪ ಬಿಸಿಲಿಗೆ ಮೈಯೊಡ್ಡಿ. ಅಮ್ಮ ಮಾರ್ಕೆಟ್ಟಿನಿಂದ ಬಂದಾಗ ಚೀಲಗಳನ್ನು ನೀವೇ ಇಸಿದುಕೊಳ್ಳಿ. ಹಗುರವಾದದ್ದೊಂದನ್ನು ಮಾತ್ರ ಅವರ ಕೈಯಲ್ಲೇ ಬಿಡಿ. ಅವರ ಮೂಳೆಗೂ ಒಂದಿಷ್ಟು ಕೆಲಸ ಬೇಕು.