ಗುಡಾಣದಲ್ಲಿದ್ದ ಹಾವಿಗೂ ಒಂದು ಊರಿತ್ತು

ಡಿಗ್ರಿ ಮುಗಿಸಿ, ಕೆಲಸವಿಲ್ಲದೆ ನಾವು ಊರಲ್ಲೇ ಇದ್ದ ವರ್ಷದ ಮಾತಿದು. ಶೇಂಗಾ ಕೀಳುವ ಹೊತ್ತು. ಬದುವಿನ ಪಕ್ಕದ ಸಡಿಲ ಮಣ್ಣಿನಿಂದ ಎರಡು ತಲೆ ಹಾವೊಂದು ಹೊರಬಂತು. ಕೂಲಿಗೆ ಬಂದಿದ್ದವರು ಕೂಗಿಕೊಂಡು ದೂರ ಸರಿದರು. ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಾದ ನಾವಿಬ್ಬರು ಮಾತ್ರ ಸರಿಯಲಿಲ್ಲ. ಅದು ಧೈರ್ಯವಲ್ಲ, ಆಸೆ. ಆ ಹಾವಿಗೆ ಲಕ್ಷಗಟ್ಟಲೆ ಕೊಡುತ್ತಾರಂತೆ ಎಂಬ ಮಾತು ನಮ್ಮ ಕಿವಿಗೂ ಬಿದ್ದಿತ್ತು.

ಗೊಬ್ಬರದ ಚೀಲದಲ್ಲಿ ತಂದು ಹಿತ್ತಲಿನ ಹಳೇ ಗುಡಾಣದಲ್ಲಿ ಇಟ್ಟೆವು. ಯಾರಿಂದಲೋ ನಂಬರ್ ಸಿಕ್ಕ ದಲ್ಲಾಳಿ ಫೋನಿನಲ್ಲಿ ಮೊದಲು ಕೇಳಿದ್ದೇ ತೂಕ. ತಕ್ಕಡಿಗೆ ಹಾಕಿದರೆ ಒಂದು ಕೆಜಿಗೂ ಕಮ್ಮಿ. "ಎರಡೂವರೆ ಆದ್ಮೇಲೆ ಫೋನ್ ಮಾಡ್ರಿ" ಎಂದು ಇಟ್ಟುಬಿಟ್ಟ. ಸರಿ, ಕುರಿ ಮೇಯಿಸಿದ ಹಾಗೆ ಇದನ್ನೂ ಮೇಯಿಸೋಣ ಎಂದುಕೊಂಡೆವು.

ಇಲಿ ಹಿಡಿದು ಹಾಕಿದೆವು, ಮುಟ್ಟಲಿಲ್ಲ. ಮುಚ್ಚಳ ತೆಗೆದಾಗಲೆಲ್ಲ ಮೈ ಸುತ್ತಿಕೊಂಡು, ತಲೆಯನ್ನು ಅಡಿಯಲ್ಲಿ ಬಚ್ಚಿಟ್ಟು, ಮೊಂಡು ಬಾಲವನ್ನು ಎತ್ತಿ ತೋರಿಸುತ್ತಿತ್ತು. ಎರಡು ತಲೆಯ ಗುಟ್ಟು ಇಷ್ಟೇ. ಹೊಡೆಯುವವನು ಬಾಲಕ್ಕೆ ಹೊಡೆಯಲಿ, ತಲೆ ಉಳಿಯಲಿ ಅನ್ನುವ ಉಪಾಯ. ನಿಧಿಯೂ ಇಲ್ಲ, ಮಂತ್ರವೂ ಇಲ್ಲ. ವಿಷ ಮೊದಲೇ ಇಲ್ಲ.

ಹದಿನೆಂಟನೇ ದಿನ ಅಜ್ಜಿ ಗುಡಾಣದೊಳಗೆ ಇಣುಕಿ ನೋಡಿದಳು. ಹಾವಿನ ಪಕ್ಕೆಯ ಚರ್ಮ ಸುಕ್ಕುಗಟ್ಟಿತ್ತು. ಅವಳು ಬೈಯಲಿಲ್ಲ. "ಎಲ್ಲಿಂದ ತಂದ್ರೋ ಅಲ್ಲೇ ಬಿಟ್ಟು ಬನ್ರೋ. ಬೇರೆಯೋರ ಹೊಲಕ್ಕೆ ಬಿಡಬ್ಯಾಡ್ರಿ, ಅದಕ್ಕೆ ಅಲ್ಲೀದು ಏನೂ ಗೊತ್ತಿರಲ್ಲ" ಎಂದಳು. ಸಂಜೆ ಅದೇ ಬದುವಿಗೆ ಹೋಗಿ ಬಿಟ್ಟೆವು. ಸ್ವಲ್ಪ ಹೊತ್ತು ಸತ್ತ ಹಾಗೆ ಬಿದ್ದಿತ್ತು. ಆಮೇಲೆ ಮೂತಿಯಿಂದ ಮಣ್ಣು ಬಗೆದು ಇಳಿದುಹೋಯಿತು.

ಅಜ್ಜಿಯ ಮಾತು ನಮಗೆ ಅರ್ಥವಾದದ್ದು ವರ್ಷಗಳ ಮೇಲೆ, ಬೆಂಗಳೂರಿನ ಗೆಳೆಯನ ಮನೆಯಲ್ಲಿ. ಅವನು ಎರಡು ಬೋವಾ ಸಾಕಿದ್ದಾನೆ. ಬೋವಾ ಎಂದರೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ದೊಡ್ಡ ಹಾವು. ನಮ್ಮ ಎರಡು ತಲೆ ಹಾವಿಗೆ ದೂರದ ನೆಂಟ. ಎರಡಕ್ಕೂ ವಿಷವಿಲ್ಲ, ಎರಡೂ ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತವೆ, ಎರಡೂ ಮೊಟ್ಟೆಯಿಡದೆ ಮರಿ ಹಾಕುತ್ತವೆ. ಗಾಜಿನ ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ ಬಿಸಿ, ಇನ್ನೊಂದು ಬದಿ ತಂಪು. ಫ್ರಿಜ್ಜಿನಲ್ಲಿಟ್ಟ ಸತ್ತ ಇಲಿಯನ್ನು ಬಿಸಿನೀರಲ್ಲಿ ಕರಗಿಸಿ ಎರಡು ವಾರಕ್ಕೊಮ್ಮೆ ಊಟ.

"ಒಂದು ಗಂಡು, ಒಂದು ಹೆಣ್ಣು. ಮರಿ ಯಾಕೆ ಮಾಡಿಸಿಲ್ಲ?" ಎಂದು ಕೇಳಿದೆವು. ಬೋವಾ ಒಂದೇ ಸೂಲಿಗೆ ಇಪ್ಪತ್ತು-ಮೂವತ್ತು ಮರಿ ಹಾಕಬಲ್ಲದು. ಲೆಕ್ಕ ಹಾಕುವ ಚಾಳಿ ನಮಗೆ ಆಗಲೂ ಬಿಟ್ಟಿರಲಿಲ್ಲ.

"ಗಂಡು ಕೊಲಂಬಿಯಾ ಕಡೇದು, ಹೆಣ್ಣು ಸುರಿನಾಮ್ ಕಡೇದು. ಹುಟ್ಟೋ ಮರಿಗೆ ಯಾವ ಊರ ಹೆಸರು ಬರೀಲಿ?" ಎಂದ.

ದನ ಕಟ್ಟಿದವರಿಗೆ ಇದು ಬೇಗ ತಿಳಿಯುತ್ತದೆ. ಹಳ್ಳಿಕಾರ್ ಬೇರೆ, ಮಲೆನಾಡು ಗಿಡ್ಡ ಬೇರೆ. ಒಂದಕ್ಕೊಂದು ಬೆರೆಸಿದರೆ ಕರು ಹುಟ್ಟುತ್ತದೆ, ತಳಿ ಉಳಿಯುವುದಿಲ್ಲ. ಬೋವಾದಲ್ಲೂ ಸುರಿನಾಮಿನದಕ್ಕೆ ಬಾಲ ಕೆಂಪು. ಅರ್ಜೆಂಟೀನಾದ ಒಣ ಕುರುಚಲು ಕಾಡಿನದು ಕಪ್ಪು-ಬೂದು. ಮಧ್ಯ ಅಮೆರಿಕದ್ದನ್ನು ಈಗ ಬೇರೆ ಜಾತಿ ಎಂದೇ ಎಣಿಸುತ್ತಾರೆ. ಒಂದು ವ್ಯತ್ಯಾಸವಿದೆ. ಹಳ್ಳಿಕಾರನ್ನು ಆರಿಸಿ ಬೆಳೆಸಿದವರು ರೈತರು. ಈ ಹಾವುಗಳನ್ನು ಹೀಗೆ ಮಾಡಿದ್ದು ಅವುಗಳ ಊರಿನ ಬಿಸಿಲು, ಕಾಡು, ಬೇಟೆ.

ಗೆಳೆಯ ಹಾಗ್ ಐಲ್ಯಾಂಡ್ ಬೋವಾದ ಫೋಟೋ ತೋರಿಸಿದ. ಹೊಂಡುರಾಸ್ ದೇಶದ ಉತ್ತರ ಕರಾವಳಿಯಾಚೆ ಕಾಯೋಸ್ ಕೋಚಿನೋಸ್ ಎಂಬ ಪುಟ್ಟ ದ್ವೀಪಗಳಿವೆ, ಅಲ್ಲಿಯ ಹಾವು. ಮಾಸಲು ಗುಲಾಬಿ ಬಣ್ಣ, ಸಾಧು ಸ್ವಭಾವ. ಅದೇ ಅದಕ್ಕೆ ಮುಳುವಾಯಿತು. 1970-80ರ ದಶಕಗಳಲ್ಲಿ ಸಾಕುಪ್ರಾಣಿ ವ್ಯಾಪಾರಕ್ಕೆಂದು ಹಿಡಿಹಿಡಿದು ಅಮೆರಿಕಕ್ಕೆ ಸಾಗಿಸಿದರು. ಕೊನೆಗೆ ದ್ವೀಪದಲ್ಲಿ ಹುಡುಕಿದರೂ ಸಿಗುವುದು ಕಷ್ಟವಾಯಿತು. ಆ ಹಾವು ಹೊರದೇಶದ ಪೆಟ್ಟಿಗೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಮರಿ ಹಾಕುತ್ತಿತ್ತು, ತನ್ನ ಊರಲ್ಲಿ ಮಾತ್ರ ಅಪರೂಪವಾಗಿತ್ತು.

"ಪೆಟ್ಟಿಗೇಲಿರೋದನ್ನ ವಾಪಸ್ ಬಿಟ್ರಾಯ್ತಲ್ಲ?" ಎಂದೆವು. ಅದು ಅಷ್ಟು ಸುಲಭವಲ್ಲ. ಸಾಕಿದ ಬೋವಾಗಳಿಗೆ ಮದ್ದಿಲ್ಲದ ವೈರಸ್ ರೋಗವೊಂದು ಬರುತ್ತದೆ, ಅದು ಕಾಡಿಗೆ ಹೋದರೆ ಉಳಿದವೂ ಹೋಗಬಹುದು. ಎಷ್ಟೋ ಹಾವುಗಳ ವಂಶಾವಳಿಗೆ ಕಾಗದವೂ ಇಲ್ಲ. ಇನ್ನು ತಮ್ಮದಲ್ಲದ ಊರಿಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅರೂಬಾ ದ್ವೀಪ ನೋಡಬೇಕು. ಅಲ್ಲಿ 1999ರಲ್ಲಿ ಕಾಣಿಸಿಕೊಂಡ ಬೋವಾ ಈಗ ದ್ವೀಪವನ್ನೆಲ್ಲ ಹಬ್ಬಿ ಅಲ್ಲಿನ ಹಕ್ಕಿ, ಹಲ್ಲಿಗಳನ್ನು ತಿನ್ನುತ್ತಿದೆ. ಬೇರೆಯೋರ ಹೊಲಕ್ಕೆ ಬಿಡಬೇಡಿ ಎಂದ ಅಜ್ಜಿಯ ಮಾತು ನಮಗೆ ನೆನಪಾದದ್ದು ಆಗಲೇ.

ಗುಲಾಬಿ ಹಾವನ್ನು ಉಳಿಸಿದ್ದು ಪೆಟ್ಟಿಗೆಯಲ್ಲ. 1993ರಲ್ಲಿ ಆ ದ್ವೀಪಗಳಿಗೆ ರಕ್ಷಣೆ ಸಿಕ್ಕಿತು, ಹಿಡಿಯುವವರಿಗೆ ತಡೆ ಬಿತ್ತು. ಅಳಿದುಳಿದ ಹಾವುಗಳು ತಮ್ಮ ಕಾಡಿನಲ್ಲೇ ಮತ್ತೆ ಹೆಚ್ಚಿದವು.

ನಮ್ಮಲ್ಲಿ ಎರಡಕ್ಕೂ ಕಾನೂನು ಬೇರೆ ಬೇರೆ. ಬೋವಾದಂಥ ವಿದೇಶಿ ಪ್ರಾಣಿ ಸಾಕಿದವರು 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಹಾವು ಸತ್ತರೂ ತಿಳಿಸಬೇಕು. ಎರಡು ತಲೆ ಹಾವು ನಮ್ಮ ಕಾಡುಜೀವಿ. ಅದನ್ನು ಹಿಡಿಯುವುದು, ಮನೆಯಲ್ಲಿಡುವುದು, ಮಾರುವುದು ಎಲ್ಲವೂ ಅಪರಾಧ. ಆ ಹದಿನೆಂಟು ದಿನ ನಾವು ಜೈಲಿನ ಬಾಗಿಲಲ್ಲೇ ಕೂತಿದ್ದೆವು. ಅದಕ್ಕಿಂತ ಚುಚ್ಚುವುದು ಬೇರೆ ಇದೆ. ಶೇಂಗಾ ಹೊಲದಲ್ಲಿ ಕಾಸು ಕೇಳದೆ ಇಲಿ ಹಿಡಿಯುತ್ತಿದ್ದ ಜೀವವನ್ನು ತಂದು ಉಪವಾಸ ಕೆಡವಿದ್ದೆವು.

ಹೋದ ಸುಗ್ಗಿಯಲ್ಲಿ ಅದೇ ಬದುವಿನಲ್ಲಿ ಮತ್ತೊಂದು ಎರಡು ತಲೆ ಹಾವು ಕಂಡಿತು. ಪಕ್ಕದ ಮನೆಯ ಹುಡುಗ ವಿಡಿಯೋ ಮಾಡುತ್ತಾ, "ಅಣ್ಣಾ, ಇದು ಎಷ್ಟು ಕೆಜಿ ಬರಬೋದು?" ಎಂದ. ಅವನನ್ನು ಬದುವಿನ ಮೇಲೆ ಕೂರಿಸಿಕೊಂಡು ಗುಡಾಣದ ಕಥೆ ಹೇಳಿದೆವು. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಕಥೆ ಮುಗಿಯುವಷ್ಟರಲ್ಲಿ ಹಾವಂತೂ ಮಣ್ಣಿಗಿಳಿದಿತ್ತು.